ಮೊಲೊಕಾಯಿಯ ಫಾದರ್ ಡೇಮಿಯನ್

ನಮ್ಮ ಶಾಲೆಯ ಅಂಗಳದಿಂದ ಹೊರಟವರು ಮುಂಬಯಿ, ಬೆಂಗಳೂರುಗಳಿಗಷ್ಟೇ ಅಲ್ಲದೆ ಕಡಲಾಚೆಯ ಕೊಲ್ಲಿ ರಾಷ್ಟ್ರಗಳಿಗೂ ಹೋಗಿ ನೆಲೆ ಕಂಡಿದ್ದಾರೆ. ದುಡಿಮೆಗಾಗಿ ಊರು ಬಿಟ್ಟವರ ಕತೆ ಕಾಸರಗೋಡಿನ ಕನ್ನಡ ಮನೆಗಳಿಗೆ ಹೊಸದಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನವೃತ್ತವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನ್ನ ನೆನಪಿಗೆ ಬಂದುದು ಬೇರೊಂದು ಬಗೆಯಲ್ಲಿ ಊರು ಬಿಟ್ಟವರ ಕತೆ. ಯಾರೂ ಹೋಗಲೊಲ್ಲದ ಊರಿಗೆ ತಾವಾಗಿಯೇ ಹೋಗಿ, ಹಿಂದಿರುಗದೆ ಅಲ್ಲಿಯೇ ಮಣ್ಣಾದ ಬೆಲ್ಜಿಯಂ ದೇಶದ ಪಾದ್ರಿ ಫಾದರ್ ಡೇಮಿಯನ್ ಅವರ ಕತೆ ಅದು.

ಡೇಮಿಯನ್ ಎಂಬುದು ಸನ್ಯಾಸ ಸ್ವೀಕರಿಸಿದ ಮೇಲೆ ಬಂದ ಹೆಸರು. ತಾಯಿತಂದೆಯರು ಇಟ್ಟ ಹೆಸರು ಜೋಸೆಫ್ ಡೆ ವ್ಯೂಸ್ಟರ್. 1840ನೆಯ ಇಸವಿ ಜನವರಿ 3ರಂದು ಬೆಲ್ಜಿಯಂನ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ಅವರು ಜನಿಸಿದರು. ತಂದೆ ಬೇಸಾಯದ ಜೊತೆಗೆ ಧಾನ್ಯದ ವ್ಯಾಪಾರವನ್ನೂ ನಡೆಸುತ್ತಿದ್ದರು. ಮಕ್ಕಳಲ್ಲಿ ಏಳನೆಯವರಾದ ಜೋಸೆಫ್ ಮೈಕಟ್ಟಿನ ಹುಡುಗ. ಹೊಲದ ಕೆಲಸದಲ್ಲಿಯೂ ಕಟ್ಟಡದ ಕೆಲಸದಲ್ಲಿಯೂ ಕೈ ಪಳಗಿದವರು. ಮನೆಮಾತು ಫ್ಲೆಮಿಷ್, ವ್ಯಾಪಾರಕ್ಕೂ ಅಧಿಕಾರಕ್ಕೂ ಮೇಲ್ವರ್ಗದ ವ್ಯವಹಾರಕ್ಕೂ ಫ್ರೆಂಚ್. ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಇನ್ನೊಂದು ನುಡಿ ಎಂಬ ಸ್ಥಿತಿ ಎಂಥದೆಂದು ನಮ್ಮ ಓದುಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಮಗ ತನ್ನ ವ್ಯಾಪಾರವನ್ನು ವಹಿಸಿಕೊಳ್ಳಬೇಕೆಂದು ಬಯಸಿದ್ದ ತಂದೆ, ಫ್ರೆಂಚ್ ಕಲಿಯಲೆಂದೇ ಅವರನ್ನು ಬ್ರೆನ್-ಲ-ಕೋಂತ್ ಎಂಬ ಪಟ್ಟಣದ ಶಾಲೆಗೆ ಕಳುಹಿಸಿದರು.

ಆದರೆ ಹುಡುಗನ ಮನಸ್ಸು ಅಣ್ಣ ಹಿಡಿದ ದಾರಿಯ ಕಡೆಗಿತ್ತು. ಅಣ್ಣ ಪಾಂಫಿಲ್ ಆಗಲೇ ಲೂವೆನ್ ನಗರದಲ್ಲಿ ಯೇಸು ಮತ್ತು ಮರಿಯಳ ಪವಿತ್ರ ಹೃದಯಗಳ ಸಭೆಯೆಂಬ ಕ್ಯಾಥೊಲಿಕ್ ಸನ್ಯಾಸಿ ಸಂಘವನ್ನು ಸೇರಿದ್ದರು. 1859ರ ಜನವರಿಯಲ್ಲಿ, ಹತ್ತೊಂಬತ್ತು ವರ್ಷ ತುಂಬಿದ ಸುಮಾರಿಗೆ, ಜೋಸೆಫ್ ಕೂಡ ಅದೇ ಮಠದ ಬಾಗಿಲನ್ನು ತಟ್ಟಿದರು. ಲ್ಯಾಟಿನ್ ಬಾರದ, ಹೆಚ್ಚಿನ ವಿದ್ಯಾಭ್ಯಾಸವಿಲ್ಲದ ಈ ರೈತಯುವಕ ಪಾದ್ರಿಯಾಗಲಾರನೆಂದು ಹಿರಿಯರು ತೀರ್ಮಾನಿಸಿ, ಮೈಗೆಲಸ ಮಾಡುವ ಸಹೋದರನ ಸ್ಥಾನದಲ್ಲಿ ಸೇರಿಸಿಕೊಂಡರು. ಪ್ರಾಚೀನ ಕಾಲದ ವೈದ್ಯ-ಹುತಾತ್ಮನೊಬ್ಬನ ಹೆಸರಾದ ಡೇಮಿಯನ್ ಎಂಬ ಹೆಸರು ಅವರಿಗೆ ದೊರೆತುದು ಆಗ. ಮುಂದಿನ ಬದುಕನ್ನು ಬಲ್ಲ ನಮಗೆ ಆ ಹೆಸರು ಬೇಕೆಂದೇ ಆರಿಸಿದಂತೆ ತೋರಬಹುದು. ಇಟ್ಟವರಿಗೆ ಮಾತ್ರ ಅದೇನೂ ತಿಳಿದಿರಲಿಲ್ಲ. ಬಿಡುವಿನ ವೇಳೆಯಲ್ಲಿ ಅಣ್ಣನಿಂದ ಲ್ಯಾಟಿನ್ ಕಲಿತು ತಮ್ಮ ಗ್ರಹಣಶಕ್ತಿಯನ್ನು ತೋರಿಸಿಕೊಟ್ಟ ಮೇಲೆ ಹಿರಿಯರು ತಮ್ಮ ತೀರ್ಮಾನವನ್ನು ಬದಲಿಸಿದರು.

ಆ ಸಂಘದವರು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಧರ್ಮಪ್ರಚಾರ ಕಾರ್ಯವನ್ನು ನಡೆಸುತ್ತಿದ್ದರು. 1863ರಲ್ಲಿ ಅಲ್ಲಿಗೆ ಹೊರಡಬೇಕಾಗಿದ್ದವರು ಪಾಂಫಿಲ್. ಅಷ್ಟರಲ್ಲಿ ಅವರು ಟೈಫಸ್ ಜ್ವರದಿಂದ ಹಾಸಿಗೆ ಹಿಡಿದರು. ಹಡಗಿನಲ್ಲಿ ಸ್ಥಳ ಗೊತ್ತಾಗಿತ್ತು, ಹೋಗುವವರಿರಲಿಲ್ಲ. ಇನ್ನೂ ಪಾದ್ರಿಯ ದೀಕ್ಷೆಯನ್ನೇ ಪಡೆಯದಿದ್ದ ತಮ್ಮ, ಅಣ್ಣನ ಬದಲು ತನ್ನನ್ನು ಕಳುಹಿಸಬೇಕೆಂದು ಬೇಡಿ ಪ್ಯಾರಿಸಿನಲ್ಲಿದ್ದ ಮಹಾಧಿಪತಿಗೆ ನೇರವಾಗಿ ಪತ್ರ ಬರೆದರು. ಲೂವೆನ್ ಮಠದ ಹಿರಿಯರನ್ನು ದಾಟಿ ಬರೆದ ಪತ್ರವದು. ಮಠದ ಶಿಸ್ತಿನ ದೃಷ್ಟಿಯಿಂದ ಇದು ಅವಿಧೇಯತೆಯಲ್ಲದೆ ಮತ್ತೇನೂ ಅಲ್ಲ. ಆದರೂ ಒಪ್ಪಿಗೆ ಬಂದಿತು. ಈ ದುಡುಕು, ಈ ಹಟ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅವರ ಮೇಲಿನ ಅಧಿಕಾರಿಗಳಿಗೆ ಕೊನೆಯವರೆಗೂ ಅದು ತಲೆನೋವಾಗಿಯೇ ಉಳಿಯಿತು.

ಜರ್ಮನಿಯ ಬ್ರೆಮರ್‌ಹಾವೆನ್ ಬಂದರಿನಿಂದ ಹೊರಟ ಹಾಯಿಹಡಗು ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ, ಸುಮಾರು ಐದು ತಿಂಗಳು ಪಯಣಿಸಿ, 1864ರ ಮಾರ್ಚ್ 19ರಂದು ಹೊನೊಲುಲು ನಗರವನ್ನು ಮುಟ್ಟಿತು. ಮೇ 21ರಂದು ಅಲ್ಲಿನ ಪ್ರಧಾನ ದೇವಾಲಯದಲ್ಲಿ ಅವರಿಗೆ ಪಾದ್ರಿಯ ದೀಕ್ಷೆಯಾಯಿತು. ಮೊದಲು ಹವಾಯಿಯ ದೊಡ್ಡ ದ್ವೀಪದ ಪುನಾ ಎಂಬಲ್ಲಿ, ಅನಂತರ ಕೊಹಾಲಾ ಎಂಬ ವಿಸ್ತಾರವಾದ ಸೀಮೆಯಲ್ಲಿ ಒಟ್ಟು ಒಂಬತ್ತು ವರ್ಷ ಕೆಲಸ ಮಾಡಿದರು. ಕೊಹಾಲಾ ಮೊದಲು ಇನ್ನೊಬ್ಬ ಪಾದ್ರಿಯ ಪಾಲಿಗೆ ಬಂದಿದ್ದ ಸೀಮೆ. ಆತನ ದೇಹಶಕ್ತಿಗೆ ಅದು ಮೀರಿದುದೆಂದು ಕಂಡು ಡೇಮಿಯನ್ ತಮ್ಮ ಪುನಾವನ್ನು ಕೊಟ್ಟು ಅದನ್ನು ಪಡೆದುಕೊಂಡರು. ಒಂದು ಸುತ್ತು ತಿರುಗಿ ಬರಲು ವಾರಗಟ್ಟಲೆ ಹಿಡಿಯುತ್ತಿದ್ದ ಆ ಸೀಮೆಯಲ್ಲಿ ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ, ದೋಣಿಯಲ್ಲಿ ಸಂಚರಿಸಿ, ಹವಾಯಿ ಭಾಷೆಯನ್ನು ಕಲಿತು, ಮರ ಹೊತ್ತು ತಮ್ಮ ಕೈಯಿಂದಲೇ ಪ್ರಾರ್ಥನಾಮಂದಿರಗಳನ್ನು ಕಟ್ಟಿದರು. ಜನ ಅವರನ್ನು ಕಮಿಯಾನೊ ಎಂದು ಕರೆಯತೊಡಗಿದರು. ಅದು ಡೇಮಿಯನ್ ಎಂಬುದರ ಹವಾಯಿ ರೂಪ.

ಆ ದ್ವೀಪಗಳ ಜನರ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ 1778ರಲ್ಲಿ ಅಲ್ಲಿಗೆ ಬಂದಾಗ ಲಕ್ಷಗಳಲ್ಲಿದ್ದ ಜನಸಂಖ್ಯೆ ಹೊರಗಿನ ಹಡಗುಗಳು ತಂದ ಸಿಡುಬು, ದಡಾರ, ಇನ್‌ಫ್ಲುಯೆಂಜಾ ಮೊದಲಾದ ರೋಗಗಳಿಗೆ ತುತ್ತಾಗಿ ಕುಸಿಯುತ್ತ ಬಂದು, 1872ರ ಜನಗಣತಿಯ ಹೊತ್ತಿಗೆ ಹೊರಗಿನಿಂದ ಬಂದವರೂ ಸೇರಿ 57,000ಕ್ಕಿಂತ ಕಡಿಮೆಯಾಗಿತ್ತು. ಇದರ ಮೇಲೆ ಬಂದುದು ಕುಷ್ಠರೋಗ. ಅದು ಹೇಗೆ ಹರಡುತ್ತದೆಂದು ಆಗ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ, ಮದ್ದಂತೂ ಇರಲೇ ಇಲ್ಲ. ಐದನೆಯ ಕಮೆಹಮೆಹಾ ದೊರೆಯ ಆಳ್ವಿಕೆಯಲ್ಲಿ, 1865ರಲ್ಲಿ, ರೋಗಿಗಳನ್ನು ಜನರಿಂದ ದೂರವಿರಿಸುವ ಕಾಯಿದೆಯೊಂದು ಜಾರಿಗೆ ಬಂದಿತು. ಸಂದೇಹಕ್ಕೊಳಗಾದವರನ್ನು ಹಿಡಿದು ಹೊನೊಲುಲುವಿನಲ್ಲಿ ಪರೀಕ್ಷಿಸಿ, ರೋಗ ನಿಜವೆಂದಾದರೆ ಮೊಲೊಕಾಯಿ ದ್ವೀಪಕ್ಕೆ ಸಾಗಿಸುತ್ತಿದ್ದರು. ಹಾಗೆ ಹೋದವರು ಮರಳುವಂತಿರಲಿಲ್ಲ. ಹೆಂಡತಿಯಿಂದ ಗಂಡನನ್ನು, ತಾಯಿಯಿಂದ ಮಗುವನ್ನು ಅಗಲಿಸಿದ ಈ ವ್ಯಾಧಿಗೆ ಹವಾಯಿಯ ಜನ ತಮ್ಮ ನುಡಿಯಲ್ಲಿ ಕೊಟ್ಟ ಹೆಸರಿನ ಅರ್ಥ ಬೇರ್ಪಡಿಸುವ ರೋಗ ಎಂದು. ಮೈಯ ಹುಣ್ಣುಗಳಿಗಿಂತ ಅಗಲಿಕೆಯೇ ಅವರಿಗೆ ಮೊದಲು ಕಂಡಿತೆಂಬುದು ಈ ಒಂದು ಮಾತಿನಿಂದಲೇ ತಿಳಿಯುತ್ತದೆ.

ಮೊಲೊಕಾಯಿಯ ಉತ್ತರ ತೀರದಲ್ಲಿ ಸಮುದ್ರಕ್ಕೆ ಚಾಚಿಕೊಂಡ ಒಂದು ನೆಲದ ತುಂಡಿದೆ. ಮೂರು ಕಡೆ ಅಬ್ಬರದ ಕಡಲು; ನಾಲ್ಕನೆಯ ಕಡೆ ಸುಮಾರು 2,000 ಅಡಿ ಎತ್ತರದ ಕಡಿದಾದ ಬಂಡೆಗೋಡೆ. ಪ್ರಕೃತಿಯೇ ಕಟ್ಟಿಟ್ಟ ಸೆರೆಮನೆ. 1866ರ ಜನವರಿ 6ರಂದು ಮೊದಲ ಹನ್ನೆರಡು ಮಂದಿ ರೋಗಿಗಳನ್ನು ಅದರ ಪೂರ್ವಭಾಗದ ಕಲಾವಾವೊ ಎಂಬಲ್ಲಿ ಇಳಿಸಿದರು. ರೋಗಿಗಳು ತಾವೇ ಬೆಳೆ ಬೆಳೆದು ತಮ್ಮ ಹೊಟ್ಟೆ ಹೊರೆದುಕೊಳ್ಳುವರೆಂಬುದು ಸರಕಾರದ ಲೆಕ್ಕಾಚಾರವಾಗಿತ್ತು. ಬೆರಳುಗಳೇ ಉದುರಿಹೋದ ಕೈಗಳು ಗುದ್ದಲಿ ಹಿಡಿಯುವುದು ಹೇಗೆಂದು ಕಚೇರಿಯಲ್ಲಿ ಕುಳಿತವರಿಗೆ ಹೊಳೆಯಲಿಲ್ಲ. ವಸತಿ, ನೀರು, ಔಷಧ ಎಲ್ಲಕ್ಕೂ ಕೊರತೆ. ಆ ಕಾಲದ ಅನೇಕ ಬರಹಗಳು ಅಲ್ಲಿ ಕುಡಿತವೂ ಅನಾಚಾರವೂ ತುಂಬಿ, ನೀತಿನಿಯಮಗಳೇ ಇರಲಿಲ್ಲವೆಂದು ವರ್ಣಿಸಿವೆ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲದಿಲ್ಲ. ಡೇಮಿಯನ್ ಬರುವ ಮುನ್ನವೇ ಅಲ್ಲಿನ ಪ್ರೊಟೆಸ್ಟಂಟ್ ರೋಗಿಗಳು ತಮ್ಮದೇ ಆದ ಸಭೆಯನ್ನು ಸ್ಥಾಪಿಸಿಕೊಂಡು ಪುಟ್ಟ ದೇವಾಲಯವೊಂದನ್ನು ಎಬ್ಬಿಸಿದ್ದರು. ಅಷ್ಟೇ ಅಲ್ಲ, ರೋಗವಿಲ್ಲದಿದ್ದರೂ ಗಂಡನ ಹಿಂದೆ, ಹೆಂಡತಿಯ ಹಿಂದೆ, ಮಕ್ಕಳ ಹಿಂದೆ ಅಲ್ಲಿಗೆ ಹೊರಟುಬಂದು ಅವರ ಹುಣ್ಣು ತೊಳೆದು, ಗಂಜಿ ಉಣಿಸಿದವರಿದ್ದರು. ಅವರನ್ನು ಕೊಕುವಾ, ಎಂದರೆ ನೆರವಿಗರು, ಎಂದು ಕರೆಯುತ್ತಿದ್ದರು. ಮೊಲೊಕಾಯಿಗೆ ಸ್ವಇಚ್ಛೆಯಿಂದ ಬಂದ ಮೊದಲಿಗರು ಇವರು. ಇವರಲ್ಲಿ ಹೆಚ್ಚಿನವರ ಹೆಸರು ಚರಿತ್ರೆಯ ಪುಟಗಳಲ್ಲಿಲ್ಲ.

1873ರ ಮೇ ತಿಂಗಳಿನಲ್ಲಿ ಮಾವೀ ದ್ವೀಪದ ವೈಲುಕು ಎಂಬಲ್ಲಿ ಹೊಸ ದೇವಾಲಯದ ಪ್ರತಿಷ್ಠೆಗೆಂದು ಪಾದ್ರಿಗಳು ಸೇರಿದ್ದರು. ಕಲಾವಾವೊದ ಕ್ಯಾಥೊಲಿಕ್ ರೋಗಿಗಳು ಸ್ಥಿರವಾಗಿ ನೆಲೆಸುವ ಪಾದ್ರಿ ಬೇಕೆಂದು ಬಹಳ ದಿನಗಳಿಂದ ಬೇಡುತ್ತಿದ್ದರು. ಬಿಷಪ್ ಮೈಗ್ರೆ ಅವರು ವಿಷಯವನ್ನು ಪ್ರಸ್ತಾಪಿಸಿದರೇ ಹೊರತು ಯಾರಿಗೂ ಆಜ್ಞೆ ಮಾಡಲಿಲ್ಲ. ಆಜ್ಞೆ ಮಾಡುವುದೆಂದರೆ ಮರಣದಂಡನೆ ವಿಧಿಸಿದಂತೆಯೇ ಎಂದು ಅವರಿಗೆ ತಿಳಿದಿತ್ತು. ನಾಲ್ವರು ತರುಣ ಪಾದ್ರಿಗಳು ತಾವಾಗಿ ಮುಂದೆ ಬಂದರು. ಸರದಿಯ ಮೇಲೆ ಒಬ್ಬೊಬ್ಬರು ಕೆಲವು ವಾರಗಳ ಕಾಲ ಅಲ್ಲಿದ್ದು ಬರುವುದೆಂದು ನಿಶ್ಚಯವಾಯಿತು. ಮೊದಲ ಸರದಿ ಡೇಮಿಯನ್ ಅವರದು. ಮೇ 10ರಂದು, ಸುಮಾರು ಐವತ್ತು ಮಂದಿ ಹೊಸ ರೋಗಿಗಳನ್ನು ಹೊತ್ತ ಹಡಗಿನಲ್ಲಿ, ಬಿಷಪ್ಪರ ಜೊತೆಗೆ ಅವರು ಮೊಲೊಕಾಯಿಯ ದಂಡೆಯಲ್ಲಿ ಇಳಿದರು. ಬಿಷಪ್ ಅದೇ ಹಡಗಿನಲ್ಲಿ ಹಿಂದಿರುಗಿದರು. ಡೇಮಿಯನ್ ಅವರಿಗೆ ಆಗ ಮೂವತ್ತಮೂರು ವರ್ಷ. ಎರಡನೆಯವರ ಸರದಿ ಬರಲೇ ಇಲ್ಲ. ಬಂದು ಕೆಲವೇ ದಿನಗಳಲ್ಲಿ ಅವರು ತಮ್ಮನ್ನು ಇಲ್ಲಿಯೇ ಇರಗೊಡಬೇಕೆಂದು ಮೇಲಿನವರಿಗೆ ಬರೆದುಬಿಟ್ಟಿದ್ದರು.

ಮೊದಲ ಕೆಲವು ರಾತ್ರಿ ಅವರು ಮಲಗಿದುದು ಚಿಕ್ಕ ದೇವಾಲಯದ ಬಳಿಯಲ್ಲಿದ್ದ ಹಾಲಾ ಮರದ ಕೆಳಗೆ. ನಮ್ಮ ತೋಡಿನ ಬದಿಯ ಕೇದಗೆಯ ಬಳಗಕ್ಕೆ ಸೇರಿದ ಮರವಿದು.

ಆ ಊರಿನಲ್ಲಿ ಆಗ ಏಳೆಂಟು ನೂರು ರೋಗಿಗಳಿದ್ದರು. ಒಬ್ಬ ವೈದ್ಯನೂ ಸ್ಥಿರವಾಗಿ ನೆಲೆಸಿರಲಿಲ್ಲ. ಡೇಮಿಯನ್ ವೈದ್ಯರಲ್ಲ, ಆದರೂ ಗುಡಿಸಲಿಂದ ಗುಡಿಸಲಿಗೆ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟುವುದನ್ನು ನಿತ್ಯದ ಕೆಲಸವಾಗಿಸಿಕೊಂಡರು. ಗುಡಿಸಲೊಳಗಿನ ದುರ್ಗಂಧವನ್ನು ಆರಂಭದಲ್ಲಿ ತಾಳಲಾರದೆ ಹೊರಗೆ ಓಡಿಬಂದು ಉಸಿರೆಳೆದುಕೊಂಡದ್ದುಂಟು. ಆ ವಾಸನೆ ಬಟ್ಟೆಗೆ ಅಂಟದಿರಲೆಂದು ಪೈಪು ಸೇದುವ ಅಭ್ಯಾಸವನ್ನು ಹಚ್ಚಿಕೊಂಡರು. ಇಂಥ ವಿವರಗಳನ್ನು ಬಿಟ್ಟು ಚರಿತ್ರೆ ಬರೆಯುವವರಿದ್ದಾರೆ. ನನಗಾದರೋ, ಹೇಸಿಗೆಯೇ ಆಗದವನ ಸೇವೆಗಿಂತ, ಹೇಸಿಗೆಯಾಗಿ ಹೊರಗೆ ಓಡಿಬಂದು ಮತ್ತೆ ಒಳಗೆ ಹೋದವನ ಸೇವೆಯೇ ಹೆಚ್ಚು ನಂಬಿಕೆಗೆ ಯೋಗ್ಯವೆನಿಸುತ್ತದೆ.

ಹಳ್ಳಿಯವರ ಜೊತೆ ಕುಳಿತು ಅವರ ಬಟ್ಟಲಿನಿಂದಲೇ ಪೊಯ್ ಉಣ್ಣುತ್ತಿದ್ದರು. ಪೊಯ್ ಎಂದರೆ ಕೆಸುವಿನ ಗೆಡ್ಡೆಯನ್ನು ಬೇಯಿಸಿ, ಕಲ್ಲಿನಿಂದ ಜಜ್ಜಿ, ನೀರು ಬೆರೆಸಿ ಮಾಡಿದ ಮುದ್ದೆ. ಎಲ್ಲರೂ ಒಂದೇ ಪಾತ್ರೆಗೆ ಬೆರಳದ್ದಿ ಉಣ್ಣುವುದು ಹವಾಯಿಯ ರೂಢಿ. ಊಟವನ್ನು ನಿರಾಕರಿಸುವುದು ಅಲ್ಲಿ ನಂಟನ್ನೇ ನಿರಾಕರಿಸಿದಂತೆ. ಕೆಸುವಿನ ಎಲೆಯ ಪತ್ರೊಡೆಯನ್ನು ನೆರೆಮನೆಗೆ ಹಂಚಿ ಉಣ್ಣುವ ನಮ್ಮ ಕಡೆಯವರಿಗೆ ಇದರ ಮರ್ಮ ತಿಳಿಯದಿರಲಾರದು. ಎಚ್ಚರಿಕೆಯಿಂದಿರಬೇಕೆಂದು ಅವರಿಗೆ ಹೇಳಿದವರಿದ್ದರು. ಅವರು ಎಚ್ಚರಿಕೆಗಿಂತ ನಂಟನ್ನು ಆರಿಸಿಕೊಂಡರು. ಪ್ರವಚನ ಮಾಡುವಾಗಲೂ ರೋಗಿಗಳನ್ನು ನೀವು ಎಂದು ಬೇರೆಯಾಗಿ ಕರೆಯದೆ ಕುಷ್ಠರೋಗಿಗಳಾದ ನಾವು ಎಂದು ತಮ್ಮನ್ನೂ ಸೇರಿಸಿಕೊಳ್ಳುವ ಪದ್ಧತಿಯನ್ನು ಮೊದಲ ವರ್ಷದಲ್ಲಿಯೇ ಆರಂಭಿಸಿದರು. ತಮಗೆ ರೋಗ ಬಂದ ದಿನ ಮೊದಲ ಬಾರಿಗೆ ಹಾಗೆ ಹೇಳಿ ಸಭೆಯನ್ನು ಬೆರಗುಗೊಳಿಸಿದರೆಂಬ ಕತೆ ಪ್ರಚಲಿತವಾಗಿದೆ. ಅವರು ಅಣ್ಣನಿಗೆ ಬರೆದ ಪತ್ರದಿಂದ ತಿಳಿಯುವಂತೆ, ರೋಗ ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ ಅವರು ಆ ಮಾತನ್ನು ಆಡುತ್ತಿದ್ದರು.

ಕಲಾವಾವೊದಲ್ಲಿ ನೀರಿಗೆ ಬಲು ಕಷ್ಟವಿತ್ತು. ರೋಗಿಗಳು ಊನಗೊಂಡ ಕೈಗಳಿಂದ ದೂರದ ಕಣಿವೆಯಿಂದ ನೀರು ಹೊತ್ತು ತರಬೇಕಾಗಿತ್ತು. ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ ನೀರೆಲ್ಲಿಯದು? ಸರಕಾರದಿಂದ ಕೊಳವೆಗಳನ್ನು ತರಿಸಿ, ಮೈಯಲ್ಲಿ ಕಸುವಿದ್ದವರನ್ನು ಕೂಡಿಕೊಂಡು ಕಣಿವೆಯ ನೀರನ್ನು ಊರಿನವರೆಗೆ ಹರಿಯಿಸಿದರು. 1874ರ ಕೊನೆಯಲ್ಲಿ ದಕ್ಷಿಣದ ಬಿರುಗಾಳಿ ಬೀಸಿ ಹುಲ್ಲಿನ ಗುಡಿಸಲುಗಳಲ್ಲಿ ಹೆಚ್ಚಿನವು ನೆಲಕ್ಕೆ ಮಲಗಿದವು. ಅದನ್ನೇ ನೆಪವಾಗಿಟ್ಟುಕೊಂಡು ಮರದ ದಿಮ್ಮಿ, ಹಲಗೆಗಳಿಗಾಗಿ ಬೇಡಿಕೆಯಿಟ್ಟು, ನೆಲದಿಂದ ಎತ್ತರಿಸಿ ಕಟ್ಟಿದ ಮರದ ಮನೆಗಳನ್ನು ಒಂದೊಂದಾಗಿ ಎಬ್ಬಿಸಿದರು. ಬಡಗಿಯ ಉಳಿ, ಗರಗಸಗಳು ಅವರ ಕೈಯಿಂದ ಇಳಿದ ದಿನಗಳು ಕಡಿಮೆ. ಅನಾಥ ಮಕ್ಕಳಿಗೆ ವಸತಿ ಮಾಡಿದರು. ಸಾರಾಯಿ ಕಾಯಿಸುವವರ ಮೇಲೆ ಕೋಲು ಹಿಡಿದು ಹೋದದ್ದೂ ಉಂಟು.

ಸತ್ತವರಿಗೆ ಶವಪೆಟ್ಟಿಗೆ ಮಾಡುತ್ತಿದ್ದವರೂ ಅವರೇ, ಹೊಂಡ ತೋಡುತ್ತಿದ್ದವರೂ ಅವರೇ. ಮೊದಲೆಲ್ಲ ಬಡ ರೋಗಿಗಳ ಹೆಣವನ್ನು ಬಟ್ಟೆ ಸುತ್ತಿ ಹೇಗೋ ಹೂಳಿಬಿಡುತ್ತಿದ್ದರು. ಡೇಮಿಯನ್ ಪೆಟ್ಟಿಗೆ, ಮೆರವಣಿಗೆ, ಹಾಡು, ಬೇಲಿ ಹಾಕಿದ ಶ್ಮಶಾನ ಇವೆಲ್ಲವನ್ನೂ ತಂದರು. ಅವರು ಮಾಡಿದ ಪೆಟ್ಟಿಗೆಗಳು ನೂರುಗಟ್ಟಲೆ. ಶ್ಮಶಾನ ಅವರ ಮನೆಯ ಪಕ್ಕದಲ್ಲೇ ಇತ್ತು. ಸಂಜೆ ಅಲ್ಲಿಯೇ ಜಪಮಾಲೆ ಹಿಡಿದು ಅಡ್ಡಾಡುತ್ತಿದ್ದರು. ಇಷ್ಟಾದರೂ ಅದು ಬರಿಯ ಸಾವಿನ ಊರಾಗಿರಲಿಲ್ಲ. ವಾದ್ಯಮೇಳವಿತ್ತು, ಕುದುರೆ ಸವಾರಿಯಿತ್ತು, ಗಾಯನವೃಂದವಿತ್ತು. ಬೆರಳುಗಳನ್ನು ಕಳೆದುಕೊಂಡ ಇಬ್ಬರು ವಾದಕರು ಅಕ್ಕಪಕ್ಕ ಕುಳಿತು, ಇಬ್ಬರದೂ ಸೇರಿ ಹತ್ತಾಗುವ ಬೆರಳುಗಳಿಂದ ಒಂದು ಆರ್ಗನ್ ನುಡಿಸುತ್ತಿದ್ದರೆಂದು ಹೇಳುತ್ತಾರೆ.

ಹೊನೊಲುಲುವಿನ ಪತ್ರಿಕೆಗಳು ತರುಣ ಪಾದ್ರಿಯ ತ್ಯಾಗವನ್ನು ಹೊಗಳಿ ಬರೆದವು. ಆರೋಗ್ಯ ಮಂಡಳಿಯವರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಇತರ ರೋಗಿಗಳಂತೆ ಅವರೂ ಅಲ್ಲಿಂದ ಹೊರಬರಕೂಡದೆಂದು ನಿರ್ಬಂಧ ವಿಧಿಸಿದರು. ಕೆಲವು ಕಾಲದ ಮೇಲೆ ಅದು ಸಡಿಲವಾಯಿತು. ಆ ನಿರ್ಬಂಧದ ದಿನಗಳಲ್ಲಿ ಅವರ ಸಂಘದ ಹಿರಿಯರೊಬ್ಬರು ಹಡಗಿನಲ್ಲಿ ಮೊಲೊಕಾಯಿಯ ಬಳಿಗೆ ಬಂದರು. ಕ್ಯಾಥೊಲಿಕ್ ಪಾದ್ರಿಯೂ ಮತ್ತೊಬ್ಬ ಪಾದ್ರಿಯ ಮುಂದೆ ತನ್ನ ಪಾಪಗಳನ್ನು ನಿವೇದಿಸಿಕೊಳ್ಳಬೇಕು; ತಿಂಗಳುಗಳಿಂದ ಡೇಮಿಯನ್ ಅವರಿಗೆ ಆ ಅವಕಾಶ ಸಿಕ್ಕಿರಲಿಲ್ಲ. ದೋಣಿಯಲ್ಲಿ ಹಡಗಿನ ಬಳಿಗೆ ಹೋದರೆ ಕಪ್ತಾನನು ಹತ್ತಗೊಡಲಿಲ್ಲ. ಕೊನೆಗೆ ಡೇಮಿಯನ್ ಅಲೆಗಳ ಮೇಲೆ ತೂಗುತ್ತಿದ್ದ ದೋಣಿಯಲ್ಲಿ ನಿಂತು, ಮೇಲೆ ಹಡಗಿನ ಕಟಕಟೆಗೆ ಒರಗಿದ್ದ ಹಿರಿಯರಿಗೆ ಕೇಳಿಸುವಂತೆ, ಎಲ್ಲರ ಎದುರಿನಲ್ಲಿ, ಫ್ರೆಂಚ್ ಭಾಷೆಯಲ್ಲಿ ಗಟ್ಟಿಯಾಗಿ ಕೂಗಿ ತಮ್ಮ ತಪ್ಪುಗಳನ್ನು ಒಪ್ಪಿಸಿದರು. ಅವರ ಬದುಕಿನ ಎಲ್ಲ ಪ್ರಸಂಗಗಳಲ್ಲಿ ಮನಸ್ಸನ್ನು ಹೆಚ್ಚು ಕಲಕುವುದು ಇದೇ ಎಂದು ನನ್ನ ಭಾವನೆ. ಹುಣ್ಣು, ಹಸಿವುಗಳಿಗಿಂತ ಆ ಒಂಟಿತನ ಅವರನ್ನು ಹೆಚ್ಚಾಗಿ ಬಾಧಿಸಿತೆಂಬುದು ಅವರ ಪತ್ರಗಳಿಂದಲೇ ವ್ಯಕ್ತವಾಗುತ್ತದೆ. ಜೊತೆಗೆ ಇನ್ನೊಬ್ಬ ಪಾದ್ರಿ ಬೇಕೆಂದು ಅವರು ಪದೇ ಪದೇ ಕೇಳಿದರು. ಬಂದ ಒಬ್ಬಿಬ್ಬರೊಡನೆ ಅವರಿಗೆ ಹೊಂದಿಕೆಯಾಗಲಿಲ್ಲ. ದೋಷ ಎರಡು ಕಡೆಯೂ ಇತ್ತು.

1881ರಲ್ಲಿ ರಾಜಪ್ರತಿನಿಧಿಯಾಗಿದ್ದ ರಾಜಕುಮಾರಿ ಲಿಲಿಯುಒಕಲಾನಿ ಈ ವಸತಿಗೆ ಭೇಟಿಯಿತ್ತರು. ತಮ್ಮ ಪ್ರಜೆಗಳ ಅವಸ್ಥೆಯನ್ನು ಕಂಡು ಕಣ್ಣೀರು ಉಕ್ಕಿ, ಸಿದ್ಧಪಡಿಸಿಕೊಂಡು ಬಂದಿದ್ದ ಭಾಷಣವನ್ನು ಮಾಡಲಾರದೆ ಹೋದರು. ಹಿಂದಿರುಗಿದ ಮೇಲೆ ಡೇಮಿಯನ್ ಅವರಿಗೆ ರಾಜ್ಯದ ಗೌರವ ಪದಕವನ್ನು ಕಳುಹಿಸಿದರು.

1884ರ ಕೊನೆಯಲ್ಲಿ ಒಂದು ದಿನ ದಣಿದ ಕಾಲುಗಳನ್ನು ನೆನೆಯಿಡಲೆಂದು ಬಿಸಿನೀರಿನ ಪಾತ್ರೆಯಲ್ಲಿಟ್ಟರು. ನೀರು ಕುದಿಯುವಷ್ಟು ಬಿಸಿಯಾಗಿತ್ತು. ಚರ್ಮದಲ್ಲಿ ಬೊಬ್ಬೆ ಎದ್ದಿತು. ನೋವು ಮಾತ್ರ ತಿಳಿಯಲಿಲ್ಲ. ಸ್ಪರ್ಶಜ್ಞಾನ ಹೋಗುವುದು ಏನನ್ನು ಸೂಚಿಸುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು? ಮರುವರ್ಷ ಜರ್ಮನ್ ವೈದ್ಯ ಆರ್ನಿಂಗ್ ಪರೀಕ್ಷಿಸಿ ಕುಷ್ಠವೆಂದು ದೃಢಪಡಿಸಿದರು. ವಿಧಿಯ ವಿಚಿತ್ರವೆಂದರೆ, ಡೇಮಿಯನ್ ಮೊಲೊಕಾಯಿಗೆ ಬಂದ 1873ನೆಯ ವರ್ಷದಲ್ಲಿಯೇ ನಾರ್ವೆಯ ವೈದ್ಯ ಹಾನ್ಸೆನ್ ಈ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದ್ದರು. ಗುರುತಿಸುವುದಕ್ಕೂ ಗುಣಪಡಿಸುವುದಕ್ಕೂ ನಡುವೆ ಎಪ್ಪತ್ತು ವರ್ಷಗಳ ಅಂತರವಿತ್ತು.

ರೋಗದ ಸುದ್ದಿ ಹಬ್ಬಿದಂತೆ ಅವರ ಹೆಸರೂ ಜಗತ್ತಿನಾದ್ಯಂತ ಹಬ್ಬಿತು. ಲಂಡನ್ನಿನ ಆಂಗ್ಲಿಕನ್ ಪಾದ್ರಿ ಹ್ಯೂ ಚಾಪ್ಮನ್ ಮತಭೇದವನ್ನೆಣಿಸದೆ ಹಣ ಸಂಗ್ರಹಿಸಿ ಕಳುಹಿಸಿದರು. ಈ ಹಣವೇ ಮತ್ತೊಂದು ಮನಸ್ತಾಪಕ್ಕೆ ಕಾರಣವಾಯಿತು. ಹೊರಗಿನ ನೆರವು ಹರಿದು ಬಂದರೆ ತಾವು ರೋಗಿಗಳನ್ನು ನಿರ್ಲಕ್ಷಿಸಿದೆವೆಂದು ಲೋಕ ತಿಳಿಯುತ್ತದೆಂದು ಸರಕಾರದವರು ಸಿಡುಕಿದರು. ಡೇಮಿಯನ್ ಕೀರ್ತಿಯ ಬೆನ್ನು ಹತ್ತಿದ್ದಾರೆಂದು ಅವರ ಸಂಘದ ಹಿರಿಯರೂ ಆಡಿಕೊಂಡರು. ರೋಗಿಷ್ಠರಾದ ಅವರನ್ನು ಹೊನೊಲುಲುವಿಗೆ ಬರಬಾರದೆಂದು ತಡೆಯಲು ಯತ್ನಿಸಿದರು. ಆದರೂ ಅವರು 1886ರಲ್ಲಿ ಒಮ್ಮೆ ಹೋಗಿ, ಜಪಾನಿನ ವೈದ್ಯ ಗೋಟೊ ಅವರ ಬಿಸಿನೀರು ಸ್ನಾನದ ಚಿಕಿತ್ಸೆಯನ್ನು ಕಲಿತುಬಂದು ತಮ್ಮ ಊರಿನಲ್ಲಿಯೂ ಅದನ್ನು ಆರಂಭಿಸಿದರು.

ಬಹುಕಾಲ ಕಾದ ಸಹಾಯಕರು ಕೊನೆಯ ಮೂರು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಬಂದರು. 1886ರ ಜುಲೈಯಲ್ಲಿ ಬಂದ ಜೋಸೆಫ್ ಡಟನ್ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ್ದ ಯೋಧ. ಹಿಂದಿನ ಬದುಕಿಗೆ ಪ್ರಾಯಶ್ಚಿತ್ತವಾಗಿ ಉಳಿದ ಆಯುಷ್ಯವನ್ನು ಅರ್ಪಿಸಲು ಬಂದವರು ಡೇಮಿಯನ್ ಅವರಿಗೆ ಬಲಗೈಯಾದರು, ಅವರ ಬಳಿಕವೂ ನಾಲ್ಕು ದಶಕಗಳ ಕಾಲ ಅಲ್ಲಿಯೇ ಉಳಿದರು. 1888ರ ನವೆಂಬರಿನಲ್ಲಿ ಸಿಸ್ಟರ್‌ಗಳೊಡನೆ ಬಂದ ಮದರ್ ಮೇರಿಯನ್ ಕೋಪ್, ಅನಾಥ ಮಕ್ಕಳ ಹೊಣೆ ತಮ್ಮದೆಂದು ಡೇಮಿಯನ್ ಅವರಿಗೆ ಮಾತು ಕೊಟ್ಟರು. ಡೇಮಿಯನ್ ನಿರ್ಲಕ್ಷಿಸಿದ್ದ ಶುಚಿತ್ವದ ನಿಯಮಗಳನ್ನು ಆಕೆ ಕಟ್ಟುನಿಟ್ಟಾಗಿ ಪಾಲಿಸಿದರು. ಆಕೆಯ ಜೊತೆಗಿದ್ದ ಸಿಸ್ಟರ್‌ಗಳಲ್ಲಿ ಒಬ್ಬರಿಗೂ ರೋಗ ತಗಲಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಚಿತ್ರಕಾರ ಎಡ್ವರ್ಡ್ ಕ್ಲಿಫರ್ಡ್ ಅವರನ್ನು ನೋಡಲು ಬಂದರು. ನಮ್ಮ ಅಂಡಮಾನಿನ ಕಾಡುಗಳ ಗುರ್ಜನ್ ಮರದ ಎಣ್ಣೆ ಕುಷ್ಠಕ್ಕೆ ಒಳ್ಳೆಯದೆಂದು ಆಗ ಹೆಸರಾಗಿತ್ತು. ಅದನ್ನು ಅವರು ಜೊತೆಯಲ್ಲಿ ತಂದಿದ್ದರು. ಆ ವೇಳೆಗೆ ಡೇಮಿಯನ್ ಅವರ ಮುಖ ಗಂಟುಗಟ್ಟಿ, ಕಿವಿಗಳು ಊದಿ, ಧ್ವನಿ ಕುಗ್ಗಿತ್ತು. ಆದರೂ ದೇವಾಲಯವನ್ನು ವಿಸ್ತರಿಸುವ ಕೆಲಸ ನಡೆದೇ ಇತ್ತು. ಅವರು ಛಾವಣಿಯ ಕೆಲಸಗಾರರಿಗೆ ಕೆಳಗಿನಿಂದ ಸೂಚನೆ ಕೊಡುತ್ತಿದ್ದರು. 1889ರ ಏಪ್ರಿಲ್ 15ರಂದು, ಈಸ್ಟರ್ ಹಬ್ಬದ ಹಿಂದಿನ ವಾರದ ಸೋಮವಾರ, ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಮೊದಲ ರಾತ್ರಿ ಮಲಗಿದ್ದ ಹಾಲಾ ಮರದ ಅಡಿಯಲ್ಲಿಯೇ ಅವರ ಸಮಾಧಿಯಾಯಿತು.

ಸತ್ತ ಮೇಲೂ ಅವರಿಗೆ ನೆಮ್ಮದಿ ದೊರೆಯಲಿಲ್ಲ. ಹೊನೊಲುಲುವಿನ ಪ್ರೊಟೆಸ್ಟಂಟ್ ಧರ್ಮಗುರು ಹೈಡ್ ಅವರು ಡೇಮಿಯನ್ ಒರಟ, ಕೊಳಕ, ಹಟಮಾರಿ, ದುರ್ನಡತೆಯಿಂದ ರೋಗ ತಂದುಕೊಂಡವನು ಎಂಬರ್ಥದ ಖಾಸಗಿ ಪತ್ರವೊಂದನ್ನು ಬರೆದದ್ದು ಅಚ್ಚಾಗಿ ಬಹಿರಂಗವಾಯಿತು. ಕುಷ್ಠ ಅನೀತಿಯ ಫಲವೆಂಬ ನಂಬಿಕೆ ಆಗ ವೈದ್ಯರಲ್ಲಿಯೂ ಇತ್ತೆಂಬುದನ್ನು ನೆನೆದರೆ ಈ ಆರೋಪದ ಕ್ರೌರ್ಯ ತಿಳಿಯುತ್ತದೆ. ಇದಕ್ಕೆ ಉತ್ತರ ಕೊಟ್ಟವರು ನಮ್ಮ ವಿದ್ಯಾರ್ಥಿಗಳು ಟ್ರೆಷರ್ ಐಲೆಂಡ್ ಕಾದಂಬರಿಯ ಮೂಲಕ ಬಲ್ಲ ರಾಬರ್ಟ್ ಲೂಯಿ ಸ್ಟೀವನ್‌ಸನ್. ಅವರೂ ಪ್ರೊಟೆಸ್ಟಂಟ್ ಮನೆತನದವರೇ. ಡೇಮಿಯನ್ ತೀರಿಕೊಂಡ ಮರುತಿಂಗಳೇ ಅವರು ಮೊಲೊಕಾಯಿಯಲ್ಲಿ ಎಂಟು ದಿನ ಇದ್ದು, ಡೇಮಿಯನ್ ಅವರನ್ನು ಕಂಡಿದ್ದವರನ್ನೆಲ್ಲ ವಿಚಾರಿಸಿದ್ದರು. 1890ರಲ್ಲಿ ಪ್ರಕಟಿಸಿದ ಬಹಿರಂಗ ಪತ್ರದಲ್ಲಿ ಅವರು ಡೇಮಿಯನ್ ಅವರ ದೋಷಗಳನ್ನು ಮುಚ್ಚಿಡಲಿಲ್ಲ; ಒರಟುತನ, ಹಟ, ಅಶುಚಿತ್ವ ಎಲ್ಲವನ್ನೂ ಒಪ್ಪಿಕೊಂಡೇ, ಬೆಚ್ಚಗಿನ ಮನೆಯಲ್ಲಿ ಕುಳಿತವರಿಗೆ ಅಲ್ಲಿಗೆ ಹೋದವನನ್ನು ತೂಗುವ ಅಧಿಕಾರವಿಲ್ಲವೆಂದು ವಾದಿಸಿದರು. ಹೈಡ್ ಅವರ ಹೆಸರು ಇಂದು ಲೋಕದಲ್ಲಿ ಉಳಿದಿರುವುದು ಬಹುಮಟ್ಟಿಗೆ ಆ ಪತ್ರದ ದೆಸೆಯಿಂದಲೇ.

ಡೇಮಿಯನ್ ಅವರ ಮರಣದ ಅಲೆ ನಮ್ಮ ದೇಶವನ್ನೂ ಮುಟ್ಟಿತು. ಅವರ ಸ್ಮರಣೆಗಾಗಿ ಲಂಡನ್ನಿನಲ್ಲಿ 1889ರಲ್ಲಿ ಸ್ಥಾಪಿತವಾದ ನಿಧಿಯಿಂದ ಕುಷ್ಠರೋಗದ ಆಯೋಗವೊಂದನ್ನು ನೇಮಿಸಿ 1890-91ರಲ್ಲಿ ಭಾರತಕ್ಕೆ ಕಳುಹಿಸಿದರು. ರೋಗ ಸುಲಭವಾಗಿ ಅಂಟುವಂಥದಲ್ಲ, ಬಲವಂತದ ಪ್ರತ್ಯೇಕತೆ ಅವಶ್ಯವಲ್ಲ ಎಂಬ ಅಭಿಪ್ರಾಯಕ್ಕೆ ಆಯೋಗ ಬಂದಿತು. ಆದರೂ 1898ರಲ್ಲಿ ಬ್ರಿಟಿಷ್ ಸರಕಾರ ನಿರ್ಗತಿಕ ಕುಷ್ಠರೋಗಿಗಳನ್ನು ಬಂಧಿಸಿಡುವ ಕಾಯಿದೆಯನ್ನು ತಂದೇ ತಂದಿತು. ಅದು ಪೂರ್ಣವಾಗಿ ರದ್ದಾದುದು 2016ರಲ್ಲಿ. ಇತ್ತ ನಮ್ಮ ನೆರೆಯ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು 1880ರ ದಶಕದಲ್ಲಿಯೇ, ಎಂದರೆ ಡೇಮಿಯನ್ ಬದುಕಿದ್ದಾಗಲೇ, ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದ್ದರು. ಇನ್ನೊಂದು ನಂಟೂ ಇದೆ. ಕುಷ್ಠಕ್ಕೆ ಭಾರತದಲ್ಲಿ ಪ್ರಾಚೀನ ಕಾಲದಿಂದ ಬಳಕೆಯಲ್ಲಿದ್ದುದು ಚೌಲ್ಮುಗ್ರದ ಎಣ್ಣೆ. ನಮ್ಮ ಘಟ್ಟದ ಕಾಡುಗಳ ಗರುಡಫಲ, ಮಲೆಯಾಳದಲ್ಲಿ ಮರೋಟ್ಟಿ ಎನ್ನುವ ಮರ, ಅದೇ ಬಳಗದ್ದು. 1915-16ರ ಸುಮಾರಿಗೆ ಹೊನೊಲುಲುವಿನಲ್ಲಿ ಆಲಿಸ್ ಬಾಲ್ ಎಂಬ ತರುಣಿ ರಸಾಯನಶಾಸ್ತ್ರಜ್ಞೆ ಈ ಎಣ್ಣೆಯನ್ನು ಸೂಜಿಮದ್ದಾಗಿ ಕೊಡುವ ವಿಧಾನವನ್ನು ಕಂಡುಹಿಡಿದರು. 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬರುವವರೆಗೆ ರೋಗಿಗಳಿಗೆ ಇದ್ದ ಆಸರೆ ಅದೊಂದೇ.

1866ರಿಂದ ಮೊದಲುಗೊಂಡು ಸುಮಾರು 8,000 ಮಂದಿಯನ್ನು ಮೊಲೊಕಾಯಿಗೆ ಸಾಗಿಸಲಾಯಿತು. ಅವರಲ್ಲಿ ಬಹುತೇಕರು ಹವಾಯಿಯ ಮೂಲನಿವಾಸಿಗಳು. ಪ್ರತ್ಯೇಕವಾಸದ ಕಾನೂನು ರದ್ದಾದುದು 1969ರಲ್ಲಿ. ಹೊರಗೆ ಹೋಗುವ ಸ್ವಾತಂತ್ರ್ಯ ದೊರೆತ ಮೇಲೂ ಅನೇಕರು ಅಲ್ಲಿಯೇ ಉಳಿಯಲು ಬಯಸಿದರು. ಬೇರ್ಪಡಿಸಿದ ಊರೇ ಅಷ್ಟರಲ್ಲಿ ಅವರಿಗೆ ಸ್ವಂತ ಊರಾಗಿತ್ತು.

1936ರಲ್ಲಿ ಬೆಲ್ಜಿಯಂ ಸರಕಾರದ ಕೋರಿಕೆಯಂತೆ ಡೇಮಿಯನ್ ಅವರ ಅವಶೇಷಗಳನ್ನು ಅಗೆದು ತೆಗೆದು, ಹಡಗಿನಲ್ಲಿ ಸಾಗಿಸಿ, ದೊರೆಯೇ ಬಂದು ಎದುರುಗೊಂಡ ಮೆರವಣಿಗೆಯಲ್ಲಿ ಲೂವೆನ್ ನಗರಕ್ಕೆ ಒಯ್ದರು. ಮೊಲೊಕಾಯಿಯ ರೋಗಿಗಳು ಇದಕ್ಕೆ ಮನಸಾರೆ ಒಪ್ಪಿರಲಿಲ್ಲ. ತಮ್ಮವರನ್ನು ತಮ್ಮಿಂದ ಮತ್ತೊಮ್ಮೆ ಬೇರ್ಪಡಿಸಿದಂತೆ ಅವರಿಗಾಯಿತು. 1995ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಬ್ರಸೆಲ್ಸ್ ನಗರದಲ್ಲಿ ಡೇಮಿಯನ್ ಅವರನ್ನು ಪುನೀತರೆಂದು ಸಾರಿದರು. 2009ರ ಅಕ್ಟೋಬರ್ 11ರಂದು ರೋಮಿನಲ್ಲಿ ಸಂತ ಪದವಿ ದೊರೆಯಿತು. 1995ರ ಸಮಾರಂಭದ ಬಳಿಕ, ಹವಾಯಿಯವರ ಬಹುದಿನಗಳ ಬೇಡಿಕೆಯನ್ನು ಮನ್ನಿಸಿ, ಅವಶೇಷಗಳಲ್ಲಿ ಒಂದು ಭಾಗವನ್ನು ಹಿಂದಕ್ಕೆ ಕಳುಹಿಸಿದರು. ಹುಣ್ಣು ತೊಳೆದ, ಗರಗಸ ಹಿಡಿದ, ಹೊಂಡ ತೋಡಿದ ಆ ಬಲಗೈಯ ಎಲುಬುಗಳು ಅವು. ದೇವಾಲಯದ ಪಕ್ಕದ ಹಳೆಯ ಸಮಾಧಿಯಲ್ಲಿ ಅವನ್ನು ಮತ್ತೆ ಹೂಳಿದರು.